ಮೂರು ಕಲ್ಲು, ಏಳು ದಿನ

ಡಿಸೆಂಬರಿನ ಪ್ರವಾಸಕ್ಕೆ ಪಟ್ಟಿ ಬರೆದುಕೊಂಡು ತಮ್ಮನ ಮಗಳು ಬೆಂಗಳೂರಿನಿಂದ ಬಂದಿದ್ದಾಳೆ. ದೊಡ್ಡಪ್ಪ ಹೊಸಪೇಟೆಯ ಶಾಲೆಯೊಂದರಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು. ರಾತ್ರಿ ಊಟ ಮುಗಿದಿದೆ. ಎಲೆಯಡಿಕೆ ತಟ್ಟೆಯ ಪಕ್ಕದಲ್ಲಿ ಕರ್ನಾಟಕದ ನಕ್ಷೆ ಹರಡಿದೆ.

ಮಗಳು: ದೊಡ್ಡಪ್ಪ, ಒಂದು ವಾರ ರಜೆ ಸಿಕ್ಕಿದೆ. ನಾವಿಬ್ಬರು, ಮಗ, ಅಮ್ಮ, ಒಟ್ಟು ನಾಲ್ಕು ಜನ. ನನಗೆ ಒಂದು ಹಳೆಯ ರಾಜಧಾನಿ ನೋಡಬೇಕು. ಮಗನಿಗೆ ಬೆಟ್ಟ, ಬಂಡೆ, ಹೊಳೆ ಬೇಕು. ಪಟ್ಟಿ ಮಾಡಿದ್ದೀನಿ, ನೋಡಿ. ಮೊದಲ ದಿನ ಹಂಪಿ. ಎರಡನೇ ದಿನ ಬಾದಾಮಿ, ಪಟ್ಟದಕಲ್ಲು, ಐಹೊಳೆ. ಮೂರನೇ ದಿನ ವಿಜಯಪುರ. ಆಮೇಲೆ ಗೋಕಾಕ, ದಾಂಡೇಲಿ, ಯಾಣ, ಕೊನೆಗೆ ಜೋಗ.

ದೊಡ್ಡಪ್ಪ: ಏಳು ದಿನಕ್ಕೆ ಒಂಬತ್ತು ಊರು. ಇದರಲ್ಲಿ ಕಾರಿನೊಳಗೆ ಎಷ್ಟು ಹೊತ್ತು ಕೂರಬೇಕು ಅಂತ ಲೆಕ್ಕ ಹಾಕಿದ್ದೀಯಾ ಮಗಳೇ?

ಮಗಳು: ದಿನಕ್ಕೆ ನಾಲ್ಕೈದು ಗಂಟೆ ಆಗಬಹುದು. ಆದರೆ ಇಷ್ಟು ದೂರ ಹೋಗಿ ಇವನ್ನೆಲ್ಲ ಬಿಟ್ಟು ಬರೋಕೆ ಮನಸ್ಸಾಗಲ್ಲ.

ದೊಡ್ಡಪ್ಪ: ಮೊದಲು ಜೋಗ, ಗೋಕಾಕ ಎರಡನ್ನೂ ಹೊಡೆದುಹಾಕು. ಡಿಸೆಂಬರಿನ ಹೊತ್ತಿಗೆ ಶರಾವತಿ ನೀರೆಲ್ಲ ಲಿಂಗನಮಕ್ಕಿ ಅಣೆಕಟ್ಟಿನ ಹಿಂದೆ ನಿಂತಿರುತ್ತೆ. ಘಟಪ್ರಭೆಯೂ ಸೊರಗಿರುತ್ತಾಳೆ. ಅವೆರಡನ್ನೂ ಮಳೆಗಾಲದಲ್ಲೇ ನೋಡಬೇಕು. ದಾಂಡೇಲಿ, ಯಾಣ ಕಾಡಿನ ಕಡೆಯವು. ಅವಕ್ಕೆ ಬೇರೆಯದೇ ಒಂದು ವಾರ ಇಟ್ಟುಕೋ.

ಮಗಳು: ಹಾಗಾದರೆ ಹಂಪಿ, ಬಾದಾಮಿ, ವಿಜಯಪುರ ಉಳೀತು.

ದೊಡ್ಡಪ್ಪ: ವಿಜಯಪುರವನ್ನೂ ಈ ಸಲ ಬಿಡು. ಗೋಳಗುಮ್ಮಟ ಚಿಕ್ಕದು ಅಂತಲ್ಲ, ಅದರ ಕಲ್ಲು ಬೇರೆ. ಆ ಸೀಮೆಯದು ಲಾವಾ ಹರಿದು ಹೆಪ್ಪುಗಟ್ಟಿದ ಕಪ್ಪು ಕಲ್ಲು, ದಖನ್ನಿನ ಬಸಾಲ್ಟ್. ಈ ವಾರ ನೀನು ಮೂರು ಕಲ್ಲು ನೋಡಿ ಬಾ, ಸಾಕು. ಮರಳುಗಲ್ಲು, ಬಳಪದ ಕಲ್ಲು, ಗ್ರಾನೈಟು.

ಮಗಳು: ನಾನು ಕೇಳಿದ್ದು ಊರು, ನೀವು ಹೇಳ್ತಿರೋದು ಕಲ್ಲು.

ದೊಡ್ಡಪ್ಪ: ಊರು ಅಲ್ಲೇ ಯಾಕೆ ಹುಟ್ಟಿತು, ಗುಡಿ ಹಾಗೇ ಯಾಕೆ ಕಟ್ಟಿದರು ಅನ್ನೋದಕ್ಕೆ ಅರ್ಧ ಉತ್ತರ ಕಲ್ಲಿನಲ್ಲಿದೆ ಕಣಮ್ಮ. ಚರಿತ್ರೆ ಒಂದು ದಿನ, ಪ್ರಕೃತಿ ಒಂದು ದಿನ ಅಂತ ನೀನು ಹಂಚಿಕೊಂಡಿದ್ದೀಯ. ನಮ್ಮ ಕಡೆ ಅವೆರಡೂ ಒಂದೇ ಬಂಡೆಯ ಮೇಲಿವೆ. ಹಂಪಿಯಿಂದ ಶುರು ಮಾಡಬೇಡ, ಬಾದಾಮಿಯಿಂದ ಮಾಡು.

ಮಗಳು: ಹಂಪಿ ದೊಡ್ಡದು, ಸುಸ್ತಾಗೋ ಮುಂಚೆ ಮುಗಿಸೋಣ ಅಂತಿದ್ದೆ.

ದೊಡ್ಡಪ್ಪ: ಬಾದಾಮಿ ಹಂಪಿಗಿಂತ ಎಂಟು ನೂರು ವರ್ಷ ಹಳೆಯದು. ಕ್ರಿ.ಶ. 543ರಲ್ಲಿ ಚಾಲುಕ್ಯರ ಮೊದಲನೇ ಪುಲಕೇಶಿ ಅಲ್ಲಿನ ಬೆಟ್ಟವನ್ನು ಕೋಟೆ ಮಾಡಿಕೊಂಡ. ಆ ಮಾತನ್ನು ಬೆಟ್ಟದ ಬಂಡೆಯ ಮೇಲೇ ಕೆತ್ತಿಸಿದ್ದಾನೆ. ವಿಜಯನಗರ ಹುಟ್ಟಿದ್ದು 1336ರಲ್ಲಿ. ಮೊದಲು ಬಾದಾಮಿ ನೋಡಿ ಹಂಪಿಗೆ ಬಂದರೆ ನಮ್ಮವರು ಕಲ್ಲಿನ ಕೆಲಸ ಕಲಿತ ದಾರಿಯಲ್ಲೇ ನೀನೂ ನಡೆದ ಹಾಗಾಗುತ್ತೆ. ರಾತ್ರಿ ಬೆಂಗಳೂರಲ್ಲಿ ರೈಲು ಹತ್ತಿದರೆ ಬೆಳಗ್ಗೆ ಬಾದಾಮಿ. ವಾಪಸ್ ಬರೋಕೆ ಹೊಸಪೇಟೆಯಿಂದ ರಾತ್ರಿ ರೈಲಿದೆ. ಹೋದ ದಾರಿಯಲ್ಲೇ ತಿರುಗಿ ಬರೋದು ತಪ್ಪುತ್ತೆ.

ಮಗಳು: ಸರಿ, ಬರ್ಕೊತೀನಿ. ಮೊದಲ ದಿನ ಬಾದಾಮಿ. ಗುಹೆಗಳಿಂದ ಶುರು ಮಾಡೋಣವಾ?

ದೊಡ್ಡಪ್ಪ: ಗುಹೆಗೆ ಹೋಗೋ ಮುಂಚೆ ಮಗನನ್ನು ಅಗಸ್ತ್ಯ ತೀರ್ಥದ ದಡದಲ್ಲಿ ನಿಲ್ಲಿಸು. ಆಚೆ ಒಂದು ಕೆಂಪು ಗೋಡೆ, ಈಚೆ ಒಂದು ಕೆಂಪು ಗೋಡೆ, ನಡುವೆ ಕೆರೆ. ಬಂಡೆಯನ್ನು ಸರಿಯಾಗಿ ನೋಡು ಅಂತ ಹೇಳು. ಒಂದರ ಮೇಲೊಂದು ರೊಟ್ಟಿ ಒಟ್ಟಿದ ಹಾಗೆ ಪದರ ಪದರ ಕಾಣುತ್ತೆ. ಹಿಂದೆ ಯಾವುದೋ ಕಾಲದಲ್ಲಿ ನದಿಗಳು ತಂದು ಸುರಿದ ಮರಳು ಅದು. ಕೂತು, ಒತ್ತಿಸಿಕೊಂಡು, ಗಟ್ಟಿಯಾಗಿ ಕಲ್ಲಾಯಿತು. ಬೆಟ್ಟ ಹತ್ತೋವಾಗ ಕೆಲವು ಹಾಸುಬಂಡೆ ಮೇಲೆ ಅಲೆ ಅಲೆ ಗೆರೆ ಕಾಣುತ್ತೆ. ನೀರು ಇಳಿದ ಮೇಲೆ ಹೊಳೆದಂಡೆ ಮರಳಿನ ಮೇಲೆ ಉಳಿಯುತ್ತಲ್ಲ, ಅದೇ ಗೆರೆ. ಮಗ ಕೈಯಿಟ್ಟು ಮುಟ್ಟಲಿ. ಅಲ್ಲಿ ನದಿ ಇತ್ತು ಅಂತ ಆಮೇಲೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮಗಳು: ಗುಹೆ ಕೊರೆದದ್ದೂ ಅದೇ ಕಲ್ಲಿನಲ್ಲೇ ಅಲ್ವಾ?

ದೊಡ್ಡಪ್ಪ: ಅದನ್ನೇ ಹೇಳೋಕೆ ಬಂದೆ. ಮರಳುಗಲ್ಲು ಉಳಿಗೆ ಒಪ್ಪುತ್ತೆ. ಪದರಗಳು ಮಟ್ಟಸವಾಗಿರೋದರಿಂದ ಮೇಲಿನ ಪದರವೇ ಸೂರು, ಕೆಳಗಿನದೇ ನೆಲ. ಕಟ್ಟೋ ಗೋಜೇ ಇಲ್ಲ, ಒಳಗಿನದನ್ನು ತೆಗೆದರೆ ಗುಡಿ. ಮೊದಲನೇ ಗುಹೆಯ ಬಾಗಿಲಲ್ಲಿ ಹದಿನೆಂಟು ಕೈಯ ನಟರಾಜ. ಮೂರನೆಯದು ಎಲ್ಲಕ್ಕಿಂತ ದೊಡ್ಡದು, ಮಂಗಳೇಶ ಮಾಡಿಸಿದ್ದು. ಕ್ರಿ.ಶ. 578ರ ಶಾಸನ ಅಲ್ಲಿದೆ, ಅವನದೇ ಒಂದು ಕನ್ನಡ ಶಾಸನವೂ ಇದೆ. ನಾಲ್ಕನೆಯದು ಜೈನರದು. ಅಮ್ಮನಿಗೆ ಮಂಡಿ ನೋವಿದೆಯಲ್ಲ, ಮೆಟ್ಟಿಲು ಆಗದಿದ್ದರೆ ಮೊದಲ ಗುಹೆ ನೋಡಿ ಇಳಿಯಲಿ. ಸಂಜೆ ಎಲ್ಲರೂ ಕೆರೆಯ ಪೂರ್ವದ ತುದಿಗೆ, ಭೂತನಾಥ ಗುಡಿ ಹತ್ತಿರ ಹೋಗಿ. ಮುಳುಗೋ ಬಿಸಿಲು ನೇರ ಗುಡಿಯ ಮೇಲೆ ಬೀಳುತ್ತೆ. ಅಲ್ಲಿ ಒಂದು ಗಂಟೆ ಸುಮ್ಮನೆ ಕೂತರೆ ಸಾಕು.

ಮಗಳು: ಕಪ್ಪೆ ಅರಭಟ್ಟನ ಶಾಸನ ಬಾದಾಮಿಯಲ್ಲೇ ಇರೋದು, ಅಲ್ವಾ? ಶಾಲೆಯಲ್ಲಿ ಓದಿದ ನೆನಪು.

ದೊಡ್ಡಪ್ಪ: ಅಲ್ಲೇ, ಕೆರೆಯ ಈಶಾನ್ಯ ಮೂಲೆಯ ಬಂಡೆ ಮೇಲೆ. ಕನ್ನಡ ತ್ರಿಪದಿಯ ಅತಿ ಹಳೆಯ ಕುರುಹು ಅದು. ಕಾಗದದ ಮೇಲೆ ಓದಿದ್ದನ್ನು ಬಂಡೆ ಮೇಲೆ ನೋಡಿದಾಗ ಮೈ ಜುಂ ಅನ್ನುತ್ತೆ. ನಮ್ಮ ಮಾತು ಎಷ್ಟು ಹಳೆಯದು ಅನ್ನೋದು ಅಲ್ಲಿ ನಿಂತಾಗ ಮನಸ್ಸಿಗೆ ಇಳಿಯುತ್ತೆ.

ಮಗಳು: ಎರಡನೇ ದಿನ ಪಟ್ಟದಕಲ್ಲು, ಐಹೊಳೆ. ಇವೆರಡನ್ನೂ ಒಂದೇ ದಿನದಲ್ಲಿ ನೋಡಬಹುದಾ?

ದೊಡ್ಡಪ್ಪ: ನೋಡಬಹುದು. ಬಾದಾಮಿಯಿಂದ ಪಟ್ಟದಕಲ್ಲು ಇಪ್ಪತ್ತೆರಡು ಕಿಲೋಮೀಟರ್, ಅಲ್ಲಿಂದ ಐಹೊಳೆ ಇನ್ನೂ ಹತ್ತಿರ. ಬೆಳಗ್ಗೆಯೇ ಐಹೊಳೆಗೆ ಹೋಗಿ, ಬಿಸಿಲೇರೋ ಮುಂಚೆ ಮೇಗುತಿ ಬೆಟ್ಟ ಹತ್ತಿ. ಅಲ್ಲಿ ರವಿಕೀರ್ತಿ 634ರಲ್ಲಿ ಬರೆದ ಇಮ್ಮಡಿ ಪುಲಕೇಶಿಯ ಶಾಸನ ಇದೆ. ಕಾಳಿದಾಸನ ಹೆಸರೂ ಭಾರವಿಯ ಹೆಸರೂ ಅದರಲ್ಲಿ ಬರುತ್ತೆ. ಐಹೊಳೆ ಒಂದು ದೊಡ್ಡ ಕಮ್ಮಟ ಇದ್ದ ಹಾಗೆ. ನೂರಕ್ಕೂ ಹೆಚ್ಚು ಗುಡಿ, ಒಂದಕ್ಕೊಂದು ಹೋಲಿಕೆ ಇಲ್ಲ. ಬಂಡೆ ಕೊರೆಯುತ್ತಿದ್ದವರು ಅದೇ ಬಂಡೆಯನ್ನು ಕಡಿದು, ಜೋಡಿಸಿ ಕಟ್ಟೋಕೆ ಕಲಿತ ಜಾಗ ಅದು.

ಮಗಳು: ಪಟ್ಟದಕಲ್ಲಿನಲ್ಲಿ?

ದೊಡ್ಡಪ್ಪ: ಅಲ್ಲಿ ಆ ಕಲಿಕೆ ಪಕ್ವವಾಗಿದೆ. ಉತ್ತರದ ಶಿಖರ, ದಕ್ಷಿಣದ ಶಿಖರ ಎರಡೂ ಒಂದೇ ಅಂಗಳದಲ್ಲಿ ಅಕ್ಕಪಕ್ಕ ನಿಂತಿವೆ. ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ಅವನ ರಾಣಿ ಲೋಕಮಹಾದೇವಿ ವಿರೂಪಾಕ್ಷ ಗುಡಿ ಕಟ್ಟಿಸಿದಳು. ಹಂಪಿಯಲ್ಲೂ ವಿರೂಪಾಕ್ಷನೇ ಇರೋದು, ನೆನಪಿಟ್ಟುಕೋ. ಮಲಪ್ರಭೆ ಅಲ್ಲಿ ಉತ್ತರಕ್ಕೆ ತಿರುಗಿ ಹರೀತಾಳೆ. 1987ರಿಂದ ಪಟ್ಟದಕಲ್ಲು ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ.

ಮಗಳು: ಅಷ್ಟು ಗುಡಿ ನೋಡಿದ ಮೇಲೆ ಮೂರನೇ ದಿನ ಮಗ ಬೇಜಾರು ಮಾಡ್ಕೊತಾನೆ.

ದೊಡ್ಡಪ್ಪ: ಮೂರನೇ ದಿನ ಅವನದು. ಬೆಳಕು ಹರಿಯೋ ಹೊತ್ತಿಗೆ ಅಪ್ಪ ಮಗ ಸಿಡ್ಲಫಡಿಗೆ ನಡೆಯಲಿ. ಊರಿನವರೊಬ್ಬರನ್ನು ಜೊತೆಗೆ ಕರ್ಕೊಂಡು ಹೋಗಬೇಕು, ನೀರು ಬೇಕಾದಷ್ಟು ಇರಬೇಕು. ಬಂಡೆಗಳ ನಡುವಿನ ದಾರಿ, ಕುರುಚಲು ಕಾಡು, ಕೊನೆಗೆ ಒಂದು ದೊಡ್ಡ ಕಲ್ಲಿನ ಕಮಾನು. ಅದರ ನೆರಳಿನಲ್ಲಿ ಚಾಲುಕ್ಯರಿಗಿಂತ ಎಷ್ಟೋ ಸಾವಿರ ವರ್ಷ ಮುಂಚೆ ಮನುಷ್ಯರು ಇದ್ದರು. ಬಂಡೆ ಮೇಲೆ ಅವರ ಚಿತ್ರ ಇವೆ. ಅವರು ಮನೆ ಮಾಡಿಕೊಂಡದ್ದೂ ಇದೇ ಮರಳುಗಲ್ಲಿನಲ್ಲಿ.

ಮಗಳು: ನಾನೂ ಅಮ್ಮನೂ?

ದೊಡ್ಡಪ್ಪ: ನೀವಿಬ್ಬರೂ ಮಹಾಕೂಟಕ್ಕೂ ಬನಶಂಕರಿಗೂ ಹೋಗಿ ಬನ್ನಿ. ಬನಶಂಕರಿ ಗುಡಿ ಹತ್ತಿರ ಹೆಂಗಸರು ಬುಟ್ಟಿಯಲ್ಲಿ ರೊಟ್ಟಿ ಇಟ್ಟುಕೊಂಡು ಕೂತಿರ್ತಾರೆ. ಜೋಳದ ರೊಟ್ಟಿ, ಕಾಳುಪಲ್ಲೆ, ಶೇಂಗಾ ಚಟ್ನಿ, ಗಡಿಗೆಯ ಗಟ್ಟಿ ಮೊಸರು. ಮಧ್ಯಾಹ್ನ ಅಲ್ಲೇ ಉಣ್ಣಿ. ನಿಮ್ಮಮ್ಮನಿಗೆ ಸೀರೆ ಮೇಲೆ ಆಸೆ ಇದ್ದರೆ ಇಳಕಲ್ಲು ಆ ಸೀಮೆಯದೇ. ರವಿಕೆಗೆ ಗುಳೇದಗುಡ್ಡದ ಖಣ ತಗೊಳ್ಳಿ. ಈಗಲೂ ಅಲ್ಲಿ ಮಗ್ಗದ ಸದ್ದು ಕೇಳುತ್ತೆ. ನೀವು ಕೊಡೋ ಆ ದುಡ್ಡು ಆ ಮಗ್ಗಕ್ಕೆ ಬೇಕು.

ಮಗಳು: ನಾಲ್ಕನೇ ದಿನ ಹಂಪಿಗೆ ಹೊರಡಬೇಕು. ಸುಮಾರು ನೂರೈವತ್ತು ಕಿಲೋಮೀಟರ್ ತೋರಿಸ್ತಿದೆ. ಇಡೀ ದಿನ ದಾರಿಯಲ್ಲೇ ಹೋಗುತ್ತಾ?

ದೊಡ್ಡಪ್ಪ: ದಾರಿಯನ್ನೂ ಪ್ರವಾಸಕ್ಕೇ ಸೇರಿಸಿಕೋ. ನಡುವೆ ಕುಕನೂರಿನ ಹತ್ತಿರ ಇಟಗಿ ಅಂತ ಹಳ್ಳಿ. ಅಲ್ಲಿ 1112ರಲ್ಲಿ ಕಟ್ಟಿದ ಮಹಾದೇವ ದೇವಾಲಯ ಇದೆ. ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು. ಶಾಸನ ಅದನ್ನು ದೇವಾಲಯ ಚಕ್ರವರ್ತಿ ಅಂತ ಕರೆಯುತ್ತೆ. ಅದು ನಿನ್ನ ಎರಡನೇ ಕಲ್ಲು, ಬಳಪದ ಕಲ್ಲು. ಮೆದು, ನುಣುಪು. ಕಂಬಗಳನ್ನು ನೋಡು, ಎಷ್ಟು ನಯವಾದ ಗೆರೆ, ಎಷ್ಟು ಸಣ್ಣ ಹೂಬಳ್ಳಿ. ಮರಳುಗಲ್ಲಿನಲ್ಲಿ ಅಷ್ಟು ಸೂಕ್ಷ್ಮ ಕೆಲಸ ನಿಲ್ಲೋದು ಕಷ್ಟ. ಬೇಲೂರು, ಹಳೇಬೀಡಿನ ಕುಸುರಿ ಕೆಲಸ ಆ ಥರದ ಕಲ್ಲಿನಲ್ಲೇ ಆದದ್ದು. ಬಾದಾಮಿ, ಹಂಪಿ ನೋಡಿ ಬರೋರಲ್ಲಿ ಹೆಚ್ಚಿನವರು ಇಟಗಿಗೆ ಹೋಗೋದೇ ಇಲ್ಲ. ನೀನು ತಪ್ಪದೆ ಹೋಗು.

ಮಗಳು: ಹೋಗ್ತೀನಿ. ಆಮೇಲೆ ಹಂಪಿಗೆ ಮೂರು ದಿನ. ಅಷ್ಟು ಬೇಕಾ?

ದೊಡ್ಡಪ್ಪ: ಮೂರೂ ಬೇಕು. 1520ರ ಸುಮಾರಿಗೆ ಪೋರ್ಚುಗೀಸಿನ ಡೊಮಿಂಗೊ ಪಾಯಿಸ್ ಬಂದಿದ್ದ. ಗುಡ್ಡ ಹತ್ತಿ ನೋಡಿದರೂ ಊರಿನ ಕೊನೆ ಅವನ ಕಣ್ಣಿಗೆ ಸಿಗಲಿಲ್ಲ. ರೋಮ್ ನಗರದಷ್ಟು ದೊಡ್ಡದು ಅಂತ ಬರೆದಿಟ್ಟ. ಅಂಥ ಊರನ್ನು ಒಂದು ಹಗಲಿನಲ್ಲಿ ನೋಡಿದೆ ಅಂತ ಹೇಳಿಕೊಂಡು ಬರೋದು ಸರಿಯಲ್ಲ. ನಾನು ಆ ತಪ್ಪು ಮಾಡಿದ್ದೀನಿ. ಅದಕ್ಕೇ ನಿನಗೆ ಇಷ್ಟು ಹೇಳ್ತಿರೋದು.

ಮಗಳು: ನೀವು ಇಲ್ಲೇ ಇದ್ದವರು. ನಿಮ್ಮಿಂದ ಏನು ತಪ್ಪಾಯಿತು?

ದೊಡ್ಡಪ್ಪ: ಕೆಲಸಕ್ಕೆ ಸೇರಿದ ಹೊಸದರಲ್ಲಿ ಅರವತ್ತು ಮಕ್ಕಳನ್ನು ಬಸ್ಸಿನಲ್ಲಿ ಹಂಪಿಗೆ ಕರ್ಕೊಂಡು ಹೋಗಿದ್ದೆ. ಸಂಜೆಯೊಳಗೆ ಎಲ್ಲ ಮುಗಿಸಬೇಕು. ಸಾಲಾಗಿ ಓಡಿಸ್ತಿದ್ದೆ. ಹೇಮಕೂಟದ ಮೇಲೆ ಒಬ್ಬ ಹುಡುಗ ನಿಂತುಬಿಟ್ಟ. ‘ಸರ್, ಈ ಬಂಡೆಗಳನ್ನ ಇಲ್ಲಿ ಯಾರು ಇಟ್ಟರು?’ ಅಂತ ಕೇಳಿದ. ‘ಸುಮ್ಮನೆ ಸಾಲಿನಲ್ಲಿ ನಡಿ’ ಅಂದೆ. ಅವತ್ತು ನಾನು ಅರವತ್ತು ಮಕ್ಕಳಿಗೆ ಇಸವಿ, ಹೆಸರು ಎಲ್ಲ ಹೇಳಿದೆ. ಕೇಳಬೇಕಾದ ಪ್ರಶ್ನೆ ಕೇಳಿದವನು ಅವನೊಬ್ಬನೇ. ಅವನಿಗೆ ಮಾತ್ರ ಉತ್ತರ ಕೊಡಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತೆ.

ಮಗಳು: ಈಗ ನನಗೆ ಹೇಳಿ. ಯಾರು ಇಟ್ಟರು?

ದೊಡ್ಡಪ್ಪ: ಯಾರೂ ಇಡಲಿಲ್ಲ, ಎಲ್ಲಿಂದಲೂ ಉರುಳಿ ಬರಲಿಲ್ಲ. ಇದ್ದಲ್ಲೇ ಆದವು. ಸುಮಾರು 250 ಕೋಟಿ ವರ್ಷದ ಹಿಂದೆ ನೆಲದಾಳದಲ್ಲಿ ಕರಗಿದ ಶಿಲೆ ನಿಧಾನವಾಗಿ ತಣ್ಣಗಾಗಿ ಗ್ರಾನೈಟ್ ಆಯಿತು. ಮೇಲಿನ ನೆಲ ಸವೆದು ಸವೆದು ಅದು ಹೊರಗೆ ಬಂತು. ಬಂದ ಮೇಲೆ ಉದ್ದಕ್ಕೂ ಅಡ್ಡಕ್ಕೂ ಬಿರುಕು ಬಿಟ್ಟಿತು. ಬಿರುಕಿಗೆ ನೀರು ಇಳಿಯಿತು. ಮೂಲೆಗಳು ಬೇಗ ಕೊಳೆತು ಉದುರಿದವು. ಉಳ್ಳಾಗಡ್ಡಿ ಸಿಪ್ಪೆ ಸುಲಿದ ಹಾಗೆ ಪದರ ಬಿಚ್ಚಿಕೊಂಡು ಚೌಕದ ಕಲ್ಲು ಗುಂಡಾಯಿತು. ಇನ್ನೊಂದು ಮಾತು ಕೇಳು. ಮೈಸೂರಿಗೆ ಹೋಗೋವಾಗ ರಾಮನಗರದ ಬೆಟ್ಟ ನೋಡ್ತೀಯಲ್ಲ, ಅದೂ ಇದೂ ಒಂದೇ ಶಿಲೆಯ ಪಟ್ಟಿ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಅಂತ ಹೆಸರಿತ್ತು. ಅದರಿಂದಲೇ ಭೂವಿಜ್ಞಾನಿಗಳು ಈ ಕಲ್ಲಿಗೆ ಕ್ಲೋಸ್‌ಪೇಟೆ ಗ್ರಾನೈಟ್ ಅಂತಾರೆ.

ಮಗಳು: ಈ ಕಲ್ಲಿನಲ್ಲಿ ಗುಹೆ ಕೊರೆಯೋಕಾಗಲ್ಲ, ಅಲ್ವಾ?

ದೊಡ್ಡಪ್ಪ: ಕೊರೆಯೋದು ಕಷ್ಟ, ಸೀಳೋದು ಸುಲಭ. ಹಂಪಿಯಲ್ಲಿ ಎಷ್ಟೋ ಬಂಡೆಗಳ ಅಂಚಿನಲ್ಲಿ ಬೆರಳಗಲದ ಚೌಕ ಗುಳಿಗಳ ಸಾಲು ಕಾಣುತ್ತೆ, ಹಲ್ಲಿನ ಸಾಲಿನ ಹಾಗೆ. ಒಡ್ಡರು ಬೆಣೆ ಹೊಡೆದು ಬಂಡೆ ಸೀಳಿದ ಗುರುತು ಅದು. ಕೆಲವು ಬಂಡೆಗಳಲ್ಲಿ ಗುಳಿ ಇದೆ, ಸೀಳಿಲ್ಲ. ಕೆಲಸ ಅಲ್ಲಿಗೇ ನಿಂತಿದೆ. ಮಗನಿಗೆ ಅಂಥದೊಂದು ಬಂಡೆ ಹುಡುಕು ಅಂತ ಹೇಳು. ಹಾಗೆ ಸೀಳಿದ ಕಂಬ, ತೊಲೆ, ಹಾಸುಗಲ್ಲುಗಳಿಂದಲೇ ಇಷ್ಟು ದೊಡ್ಡ ಊರು ಎದ್ದದ್ದು. ಕಲ್ಲು ಭಾರ, ಹಾಗಾಗಿ ಗೋಪುರದ ಮೇಲ್ಭಾಗಕ್ಕೆ ಇಟ್ಟಿಗೆ, ಗಾರೆ. ಅರಮನೆಗಳಿಗೆ ಕಲ್ಲಿನ ಅಧಿಷ್ಠಾನ, ಮೇಲೆ ಮರ. 1565ರ ರಕ್ಕಸತಂಗಡಿ ಯುದ್ಧದ ಮೇಲೆ ಊರು ಹಾಳಾದಾಗ ಮರ ಹೋಯಿತು, ಕಲ್ಲಿನ ಪೀಠ ಮಾತ್ರ ಉಳೀತು.

ಮಗಳು: ಇಲ್ಲೇ ಯಾಕೆ ಊರು ಕಟ್ಟಿದರು ಅನ್ನೋದಕ್ಕೂ ಉತ್ತರ ಈ ಬಂಡೆಯೇನಾ?

ದೊಡ್ಡಪ್ಪ: ಮತಂಗ ಬೆಟ್ಟದಿಂದ ನೋಡಿದರೆ ತಾನಾಗಿ ತಿಳಿಯುತ್ತೆ. ಉತ್ತರಕ್ಕೆ ತುಂಗಭದ್ರೆ, ಬಂಡೆಗಳ ನಡುವೆ ನುಗ್ಗಿ ಹರಿಯೋಳು, ದಾಟೋಕೆ ಬಿಡದವಳು. ಮಿಕ್ಕ ಕಡೆ ಬಂಡೆಯ ಸಾಲು. ಒಂದು ಗುಡ್ಡಕ್ಕೂ ಇನ್ನೊಂದಕ್ಕೂ ನಡುವೆ ಗೋಡೆ ಎಳೆದರೆ ಕೋಟೆ ಆಯಿತು. ಬಂಡೆಯ ನಡುವೆ ತಗ್ಗಿನ ನೆಲ, ಅಲ್ಲಿಗೆ ಕಾಲುವೆ. ಆ ಕಾಲದ ತುರ್ತು ಕಾಲುವೆಯಲ್ಲಿ ಇವತ್ತಿಗೂ ನೀರು ಹರೀತಿದೆ, ಬಾಳೆ ತೋಟಗಳಿಗೆ ಅದೇ ನೀರು. ಅರಸರು ಹೋದರು, ಅವರ ಕಾಲುವೆ ಕೆಲಸ ಮಾಡ್ತಾನೇ ಇದೆ.

ಮಗಳು: ಅಮ್ಮನಿಗೆ ಮತಂಗ ಹತ್ತೋಕಾಗಲ್ಲ.

ದೊಡ್ಡಪ್ಪ: ಹೇಮಕೂಟ ಸಾಕು. ಇಳಿಜಾರು ಮೆಲ್ಲಗಿದೆ, ವಿರೂಪಾಕ್ಷನ ಗೋಪುರ ಕೈಗೆ ಸಿಗೋ ಹಾಗೆ ಕಾಣುತ್ತೆ. ಐದನೇ ದಿನ ಬೆಳಗ್ಗೆ ವಿರೂಪಾಕ್ಷನ ದರ್ಶನ, ಹೇಮಕೂಟ, 1528ರ ಉಗ್ರನರಸಿಂಹ. ಸಂಜೆ ಹೊಳೆ ದಂಡೆಯಲ್ಲಿ ಚಕ್ರತೀರ್ಥ, ಕೋದಂಡರಾಮ. ಆರನೇ ದಿನ ವಿಜಯ ವಿಠಲ. ಅಲ್ಲಿಗೆ ಬ್ಯಾಟರಿ ಗಾಡಿ ಇದೆ, ಅಮ್ಮನಿಗೆ ತೊಂದರೆ ಇಲ್ಲ. ಐವತ್ತು ರೂಪಾಯಿ ನೋಟು ಮಗನ ಕೈಗೆ ಕೊಟ್ಟು ಕಲ್ಲಿನ ರಥದ ಮುಂದೆ ನಿಲ್ಲಿಸು. ಮಧ್ಯಾಹ್ನದ ಮೇಲೆ ಮಹಾನವಮಿ ದಿಬ್ಬ, ಹಜಾರರಾಮ, ಮೆಟ್ಟಿಲು ಪುಷ್ಕರಣಿ. ಆ ಪುಷ್ಕರಣಿ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನಿಲ್ಲು.

ಮಗಳು: ಅಲ್ಲೇನು ವಿಶೇಷ?

ದೊಡ್ಡಪ್ಪ: ಸುತ್ತ ಎಲ್ಲ ಗ್ರಾನೈಟು, ಅದೊಂದು ಮಾತ್ರ ಕಪ್ಪು ಮೆದುಗಲ್ಲು. ಇಟಗಿಯ ಕಲ್ಲಿನ ಜಾತಿಯದು. ಮೆಟ್ಟಿಲಿನ ಕಲ್ಲುಗಳ ಮೇಲೆ ಬಗ್ಗಿ ನೋಡು, ಸಣ್ಣ ಸಣ್ಣ ಗುರುತು, ಅಕ್ಷರ ಕಾಣುತ್ತೆ. ಯಾವ ದಿಕ್ಕು, ಎಷ್ಟನೇ ಸಾಲು ಅಂತ ಜೋಡಿಸೋರಿಗೆ ಬರೆದದ್ದು. ಐದು ದಿನದ ಹಿಂದೆ ಬಂಡೆಯೊಳಗೆ ಗುಡಿ ಕೊರೆದವರನ್ನು ನೋಡಿರ್ತೀಯ. ಇಲ್ಲಿ ಬೇಕಾದ ಕಲ್ಲನ್ನು ಆರಿಸಿ, ಗುರುತು ಹಾಕಿ, ತಂದು ಜೋಡಿಸೋರನ್ನು ನೋಡ್ತೀಯ. ಬಾದಾಮಿಯಿಂದ ಶುರು ಮಾಡು ಅಂದದ್ದು ಇದಕ್ಕೆ.

ಮಗಳು: ಏಳನೇ ದಿನ ಆನೆಗೊಂದಿ?

ದೊಡ್ಡಪ್ಪ: ಹೌದು. ಅಮ್ಮನಿಗೆ ಅಂಜನಾದ್ರಿಯನ್ನು ಕೆಳಗಿನಿಂದಲೇ ಕೈಮುಗಿಸು. ಬೆಳಗ್ಗೆ ಆಗೋರು ಹಿರೇಬೆಣಕಲ್ಲಿಗೆ ಹೋಗಿ, ಗಂಗಾವತಿ ಹತ್ತಿರ. ಬೆಟ್ಟದ ಮೇಲೆ ಹಾಸುಗಲ್ಲು ನಿಲ್ಲಿಸಿ ಮನೆ ಹಾಗೆ ಮಾಡಿದ ಶಿಲಾಸಮಾಧಿಗಳು, ನೂರಾರು. ಕೆಲವಕ್ಕೆ ದುಂಡನೆ ಕಿಂಡಿ ಕೊರೆದಿದ್ದಾರೆ. ವಿಜಯನಗರಕ್ಕಿಂತ ಸಾವಿರಾರು ವರ್ಷ ಹಳೆಯವು. ಅದೇ ಗ್ರಾನೈಟಿನಿಂದ ಹಾಸುಗಲ್ಲು ಎಬ್ಬಿಸೋದು ಅವರಿಗೂ ಗೊತ್ತಿತ್ತು. ಸಂಜೆ ಹೊಳೆಯಲ್ಲಿ ಹರಿಗೋಲು, ರಾತ್ರಿ ಹೊಸಪೇಟೆಯಲ್ಲಿ ರೈಲು.

ಮಗಳು: ಒಂಬತ್ತು ಊರಿನ ಪಟ್ಟಿ ತಂದಿದ್ದೆ. ಈಗ ಉಳಿಯೋ ಜಾಗ ಎರಡೇ ಆಯಿತು, ಬಾದಾಮಿ, ಹಂಪಿ. ಆದರೂ ಏನೋ ಕಳ್ಕೊಂಡೆ ಅನ್ನಿಸ್ತಿಲ್ಲ.

ದೊಡ್ಡಪ್ಪ: ಎರಡೇ ಕಡೆ ಪೆಟ್ಟಿಗೆ ಬಿಚ್ಚಿದರೆ ಅಮ್ಮನಿಗೆ ಮಧ್ಯಾಹ್ನ ಮಲಗೋಕೆ ಹೊತ್ತು ಸಿಗುತ್ತೆ, ನಿಮಗೆ ಬೆಳಗಿನ ಬೆಳಕೂ ಸಂಜೆಯ ಬೆಳಕೂ ಸಿಗುತ್ತೆ. ಡಿಸೆಂಬರಿನ ಕೊನೇ ವಾರ ಬೇಡ, ಹಂಪಿ ತುಂಬಿರುತ್ತೆ. ಮೊದಲ ವಾರ ಹೋಗಿ. ಹತ್ತು ಗಂಟೆಯಿಂದ ಮೂರರವರೆಗೆ ಬಂಡೆ ಮೇಲೆ ಓಡಾಡಬೇಡಿ. ಕೈಚೀಲದಲ್ಲಿ ತಿಂಡಿ ಕಾಣೋ ಹಾಗೆ ಇಡಬೇಡಿ, ಎರಡೂ ಕಡೆ ಕೋತಿ ಇವೆ. ಬಂಡೆ ಮೇಲೆ ಹೆಸರು ಗೀಚೋರು ಕಂಡರೆ ನಿಲ್ಲಿಸಿ ಹೇಳಿ. ಕಪ್ಪೆ ಅರಭಟ್ಟನ ಅಕ್ಷರ ಸಾವಿರದ ಮುನ್ನೂರು ವರ್ಷ ಉಳಿದಿರೋದು ಅಷ್ಟು ತಲೆಮಾರು ಅದರ ಮೇಲೆ ಕೈಯಾಡಿಸದೆ ಬಿಟ್ಟದ್ದರಿಂದ.

ಮಗಳು: ಇವತ್ತೇ ಬಾದಾಮಿಗೆ ಟಿಕೆಟ್ ಮಾಡ್ತೀನಿ.

ದೊಡ್ಡಪ್ಪ: ಮಾಡು. ಇನ್ನೊಂದೇ ಮಾತು. ಹೇಮಕೂಟದ ಮೇಲೆ ನಿನ್ನ ಮಗ ನಿಂತು ಆ ಪ್ರಶ್ನೆ ಕೇಳಿದರೆ, ಹೊತ್ತಾಯಿತು ನಡಿ ಅನ್ನಬೇಡ. ಅವನ ಪಕ್ಕ ಕೂತು, ಬಿರುಕು ಎಲ್ಲಿದೆ ಅಂತ ತೋರಿಸು.